ಕೊರೊನಾಕ್ಕೂ ಮುಂಚೆ ಮನೆಯಿಂದ ಪ್ರೋಗ್ರಾಂ ಬರೆದವರು ಇದ್ದರಾ?

ಸುಮಾ_ಹಾಸನ:
ಮಗಳಿಗೆ ಎಂಟು ತಿಂಗಳು. ರಜೆ ಮುಗಿಸಿ ಮನೆಯಿಂದಲೇ ಕೋಡಿಂಗ್ ಮಾಡ್ತಿದೀನಿ. ನಿನ್ನೆ ಕ್ಲೈಂಟ್ ಜೊತೆ ಮಾತಾಡುವಾಗ ಅವಳು ಜೋರಾಗಿ ಅತ್ತುಬಿಟ್ಟಳು, ನನ್ನ ಕೈಕಾಲು ತಣ್ಣಗಾಯಿತು. "ಇದೆಲ್ಲ ಕೊರೊನಾ ಕಲಿಸಿದ್ದು" ಅಂತಾರೆ ನಮ್ಮತ್ತೆ. ಅದಕ್ಕೂ ಮುಂಚೆ ಹೀಗೆ ಕೂಸು ಕಟ್ಟಿಕೊಂಡು ಪ್ರೋಗ್ರಾಂ ಬರೆದವರು ಯಾರಾದರೂ ಇದ್ದರಾ?

ಕೋಬಾಲ್_ಅಜ್ಜಿ:
ಇದ್ದರು ತಂಗಿ, ಅರವತ್ತು ವರ್ಷಕ್ಕೂ ಹಿಂದೆ. ಇಂಗ್ಲೆಂಡಿನ ಸ್ಟೆಫನಿ ಶರ್ಲಿ 1962ರಲ್ಲಿ ಆರು ಪೌಂಡ್ ಹಾಕಿ 'ಫ್ರೀಲಾನ್ಸ್ ಪ್ರೋಗ್ರಾಮರ್ಸ್' ಅಂತ ಕಂಪನಿ ಶುರು ಮಾಡಿದರು. ಮದುವೆ, ಬಾಣಂತನ ಅಂತ ಕೆಲಸ ಬಿಟ್ಟಿದ್ದ ಹೆಂಗಸರನ್ನೇ ಹುಡುಕಿ ಸೇರಿಸಿಕೊಂಡರು. ಮೊದಲ 300 ಜನರಲ್ಲಿ 297 ಮಂದಿ ಹೆಂಗಸರು.

ಮನೆಯಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಪೆನ್ಸಿಲ್ ಹಿಡಿದು ಮೊದಲು ಫ್ಲೋಚಾರ್ಟ್, ಅಂದರೆ ಕೆಲಸದ ಹೆಜ್ಜೆಗಳ ಚಿತ್ರ, ಆಮೇಲೆ ಕೋಡ್. ಆ ಹಾಳೆಗಳು ಅಂಚೆಯಲ್ಲಿ ಹೋಗಿ ಬೇರೆ ಕಡೆ ಪಂಚ್ ಆಗಬೇಕು, ಅಂದರೆ ಕಂಪ್ಯೂಟರ್ ಓದುವಂತೆ ತೂತುಗಳಾಗಿ ಕೊರೆಯಬೇಕು. ನಾನು ಎಂಬತ್ತರ ದಶಕದ ಶುರುವಿನಲ್ಲಿ ಬೆಂಗಳೂರಲ್ಲಿ ಕೋಬಾಲ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದವಳು. ಕೋಡಿಂಗ್ ಶೀಟು ಕೊಟ್ಟು ಬಂದು, ಒಂದು ಫುಲ್‌ಸ್ಟಾಪ್ ಬಿಟ್ಟಿದ್ದಕ್ಕೆ ಮಾರನೇ ದಿನ ಪುಟಗಟ್ಟಲೆ ತಪ್ಪು ಅಚ್ಚಾಗಿ ಬಂದಾಗ ಹೊಟ್ಟೆಯೊಳಗೆ ಆಗುತ್ತಿದ್ದ ಸಂಕಟ ಇನ್ನೂ ನೆನಪಿದೆ. ಹಾಗಾಗಿ ಪ್ರತಿ ಸಾಲನ್ನೂ ಮೊದಲು ತಲೆಯಲ್ಲೇ ಓಡಿಸಿ ನೋಡಬೇಕಿತ್ತು. ಮಗು ಮಲಗಿದ ಹೊತ್ತಲ್ಲಿ ಅಷ್ಟು ಗಮನ! ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿಗೆ ಪ್ರೋಗ್ರಾಂ ಬರೆದದ್ದೂ ಇದೇ ಹೆಂಗಸರು.

ನಿಮ್ಮ ನಿನ್ನೆಯ ಪಾಡು ಶರ್ಲಿಗೂ ಗೊತ್ತಿತ್ತು. ಟೈಪ್‌ರೈಟರ್ ಸದ್ದನ್ನು ಟೇಪಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಫೋನ್ ಬಂದರೆ ಅದನ್ನು ಹಾಕುವುದು, ಆಚೆಯವರಿಗೆ ಇದು ಆಫೀಸು ಅನ್ನಿಸಲಿ ಅಂತ.

ರವಿ_ಶಿರಸಿ:
ಸಹಿಯ ಕಥೆ ಬಿಟ್ರಲ್ಲ ಮೇಡಂ. ಕೆಲಸ ಕೇಳಿ ಸ್ಟೆಫನಿ ಅಂತ ಸಹಿ ಹಾಕಿ ಬರೆದ ಪತ್ರಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಗಂಡ ಹೇಳಿದ ಮೇಲೆ 'ಸ್ಟೀವ್' ಅಂತ ಗಂಡಸಿನ ಹೆಸರಲ್ಲಿ ಸಹಿ ಮಾಡತೊಡಗಿದರು, ಕೆಲಸ ಸಿಕ್ಕಿತು. ಮುಂದೆ 1975ರಲ್ಲಿ ಲಿಂಗಭೇದ ಮಾಡಬಾರದೆಂಬ ಕಾನೂನು ಬಂದು ಗಂಡಸರನ್ನೂ ಸೇರಿಸಿಕೊಳ್ಳಬೇಕಾಯಿತು.

ಸುಮಾ_ಹಾಸನ:
ಓದಿ ಕಣ್ಣು ತುಂಬಿತು. ಅವರಿಗೂ ಮಕ್ಕಳಿದ್ದರಾ?

ಕೋಬಾಲ್_ಅಜ್ಜಿ:
ಒಬ್ಬನೇ ಮಗ. ಕಲಿತಿದ್ದ ಮಾತೆಲ್ಲ ಎರಡೂವರೆ ವರ್ಷದ ಹೊತ್ತಿಗೆ ಹೋಯಿತು, ಆಟಿಸಂ. 1998ರಲ್ಲಿ, 35ರ ವಯಸ್ಸಿನಲ್ಲಿ ತೀರಿಕೊಂಡ. ಕಂಪನಿಯಿಂದ ಬಂದ ಹಣದಲ್ಲಿ ಬಹುಪಾಲನ್ನು ಅಂಥ ಮಕ್ಕಳ ಶಾಲೆಗೆ, ಸಂಶೋಧನೆಗೆ ಕೊಟ್ಟರು. ಸ್ವತಃ ಶರ್ಲಿಯೂ ಐದರ ವಯಸ್ಸಿನಲ್ಲಿ, 1939ರಲ್ಲಿ, ಹಿಟ್ಲರನ ಕಾಟದಿಂದ ಪಾರಾಗಲು ಅಕ್ಕನ ಜೊತೆ ರೈಲು ಹತ್ತಿ ಇಂಗ್ಲೆಂಡಿಗೆ ಬಂದ, ಯಹೂದಿ ತಂದೆಯ ಕೂಸು. ಹೋದದ್ದು 2025ರ ಆಗಸ್ಟಿನಲ್ಲಿ, 91 ವರ್ಷ ಬಾಳಿ.

ಮುಂದಿನ ಕಾಲ್ ಶುರುವಿನಲ್ಲೇ ಹೇಳಿಬಿಡಿ ತಂಗಿ, ಪಕ್ಕದಲ್ಲಿ ಎಂಟು ತಿಂಗಳ ಮಗು ಇದೆ ಅಂತ. ಅತ್ತೆಯವರಿಗೆ ಈ ಟೇಪಿನ ಕಥೆಯನ್ನೂ ಹೇಳಿ.