ವೈರಸ್ ಇದ್ದವರು ಅಪ್ಪ ಆಗೋದು: ಅನುಭವ ಇದ್ದವರು ಹೇಳಿ

ಪ್ರಶ್ನೆ: ನನಗೆ ಎಚ್‌ಐವಿ ಇದೆ. ಆರು ವರ್ಷದಿಂದ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ನಾಲ್ಕು ವರ್ಷದಿಂದ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ‘ಪತ್ತೆಯಾಗಿಲ್ಲ’ ಅಂತಲೇ ಬರುತ್ತಿದೆ. ಹೆಂಡತಿಗೆ ಸೋಂಕಿಲ್ಲ. ನಮಗೆ ಮಗು ಬೇಕು. ಸ್ಪರ್ಮ್ ವಾಶಿಂಗ್ (ವೀರ್ಯಾಣುಗಳನ್ನು ವೈರಸ್‌ನಿಂದ ಬೇರ್ಪಡಿಸಿ ತೊಳೆಯೋದು) ಮಾಡಿಸಲೇಬೇಕಾ? ಮಾಡಿಸಿದವರು ಇದ್ದೀರಾ?

ಉತ್ತರ: ಇದ್ದೀನಿ. ನನಗೂ ಎಚ್‌ಐವಿ, ಮಗಳಿಗೆ ಈಗ ಮೂರು ವರ್ಷ. ಅವಳಿಗೂ ಅವಳ ಅಮ್ಮನಿಗೂ ಸೋಂಕಿಲ್ಲ.

ವಾಶಿಂಗ್ ಎಲ್ಲರಿಗೂ ಬೇಕಾಗಲ್ಲ. ಲೋಡ್ ಪತ್ತೆಯಾಗದಷ್ಟು ಕಡಿಮೆ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ದಾಟುವುದಿಲ್ಲ. 2016ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನದಲ್ಲಿ ಒಬ್ಬರಿಗೆ ಮಾತ್ರ ಎಚ್‌ಐವಿ ಇದ್ದ 888 ಜೋಡಿಗಳಿದ್ದರು. ಕಾಂಡೋಮ್ ಇಲ್ಲದೆ ಕೂಡಿದರೂ ಸಂಗಾತಿಯಿಂದ ಸಂಗಾತಿಗೆ ಒಂದು ಸೋಂಕೂ ದಾಟಿರಲಿಲ್ಲ. ತಾಯಿಗೆ ತಗುಲದಿದ್ದರೆ ಮಗುವಿಗೆ ಅಪ್ಪನಿಂದ ನೇರವಾಗಿ ಬರುವ ದಾರಿಯೇ ಇಲ್ಲ. ಹಾಗಾಗಿ ನಿಮ್ಮ ಡಾಕ್ಟರ್ ಒಪ್ಪಿದರೆ ಸಹಜವಾಗಿಯೇ ಪ್ರಯತ್ನಿಸಬಹುದು.

ನಮ್ಮ ತೊಂದರೆ ಬೇರೆ ಇತ್ತು. ನನ್ನ ವೀರ್ಯಾಣುಗಳ ಚಲನೆ ತೀರಾ ಕಡಿಮೆ. ಅದು ಗೊತ್ತಾಗಿದ್ದು ಸುಮ್ನೆ ಒಂದು ವರ್ಷ ಕಾದ ಮೇಲೆ! ಆಮೇಲೆ ಇಕ್ಸಿಗೆ (ಲ್ಯಾಬ್‌ನಲ್ಲಿ ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚುವ ವಿಧಾನ) ಹೋದೆವು. ಮೊದಲ ಕ್ಲಿನಿಕ್‌ನಲ್ಲಿ ಫೈಲಿನ ಎರಡನೇ ಹಾಳೆ ನೋಡಿ ಮುಚ್ಚಿ ವಾಪಸ್ ಕೊಟ್ಟರು. ‘ಇಂಥ ಕೇಸ್ ತಗೊಳ್ಳಲ್ಲ’ ಅಂದರು, ಅಷ್ಟೇ. ಹೆಂಡತಿ ಲಿಫ್ಟ್‌ನಲ್ಲಿ ಅತ್ತಳು. ಆಮೇಲೆ ತಿಳಿಯಿತು, ಸೋಂಕಿರುವವರ ಸ್ಯಾಂಪಲ್ ಫ್ರೀಜ್ ಮಾಡಿ ಇಡಲು ಲ್ಯಾಬ್‌ಗಳು ಬೇರೆ ಟ್ಯಾಂಕ್ ಇಟ್ಟುಕೊಳ್ಳಬೇಕು, ಎಲ್ಲರ ಹತ್ತಿರ ಅದು ಇರಲ್ಲ. ಅದಕ್ಕೇ ಹೋಗುವ ಮೊದಲು ಫೋನಲ್ಲೇ ಕೇಳಿಬಿಡಿ: ‘ಪಾಸಿಟಿವ್ ಸ್ಯಾಂಪಲ್‌ಗೆ ಪ್ರತ್ಯೇಕ ಟ್ಯಾಂಕ್ ಇದೆಯಾ?’

ಎರಡನೇ ಕಡೆ ಎಂಬ್ರಿಯಾಲಜಿಸ್ಟ್ (ಭ್ರೂಣ ಲ್ಯಾಬ್‌ನ ತಜ್ಞರು) ನನಗೆ ಟ್ಯೂಬ್ ತೋರಿಸಿದರು. ವೀರ್ಯವನ್ನು ಒಂದು ಮಂದ ದ್ರವದ ಮೇಲೆ ಹಾಕಿ ಗಿರಗಿರನೆ ತಿರುಗಿಸಿದ್ದರು. ವೈರಸ್ ಇರುವುದು ವೀರ್ಯದ ನೀರಿನಲ್ಲಿ, ಬಿಳಿ ರಕ್ತಕಣಗಳಲ್ಲಿ. ಅವೆಲ್ಲ ಮೇಲೇ ಉಳಿಯುತ್ತವೆ. ಒಳ್ಳೆಯ ವೀರ್ಯಾಣುಗಳು ತಳಕ್ಕೆ ಇಳಿಯುತ್ತವೆ. ನನ್ನದು ಗುಂಡುಸೂಜಿ ತಲೆಯಷ್ಟು ಬೆಳ್ಳಗೆ ಕೂತಿತ್ತು. ಅದನ್ನು ತೊಳೆದು, ಒಂದು ಪಾಲನ್ನು ವೈರಸ್ ಪತ್ತೆ ಮಾಡುವ ಪಿಸಿಆರ್ ಪರೀಕ್ಷೆಗೆ ಕಳಿಸಿ, ವೈರಸ್ ಇಲ್ಲ ಅಂತ ಬಂದ ಮೇಲೇ ಬಳಸಿದರು. ತೊಳೆಯುವಾಗ ಒಂದಷ್ಟು ವೀರ್ಯಾಣು ಕಳೆದುಹೋಗುತ್ತವೆ, ಕಡಿಮೆ ಇರುವವರಿಗೆ ಇದು ಚಿಂತೆಯೇ.

ಮತ್ತೊಬ್ಬರು: ನನ್ನದು ಹೆಪಟೈಟಿಸ್ ಸಿ. ಅದಕ್ಕೆ ಈಗ ಮಾತ್ರೆಯಲ್ಲೇ ವಾಸಿಯಾಗುತ್ತೆ, ನನಗೆ 12 ವಾರ ಕೊಟ್ಟರು. ಮೊದಲು ಅದನ್ನು ಮುಗಿಸಿ, ಆಮೇಲೆ ಮಗು. ಔಷಧಿಯಲ್ಲಿ ರಿಬಾವಿರಿನ್ ಇದ್ದರೆ ನಿಲ್ಲಿಸಿದ ಮೇಲೂ ಕನಿಷ್ಠ 6 ತಿಂಗಳು ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಗಂಡಸು ತಗೊಂಡರೂ ಇದೇ ನಿಯಮ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಇನ್ನೊಬ್ಬರು: ಹೆಪಟೈಟಿಸ್ ಬಿ ಇದ್ದವರು ಹೆಂಡತಿಗೆ ಲಸಿಕೆ ಹಾಕಿಸಿ. 6 ತಿಂಗಳಲ್ಲಿ ಮೂರು ಡೋಸ್. ನಾವು ಮೂರನೆಯದನ್ನು ಮರೆತೇಬಿಟ್ಟಿದ್ದೆವು. ಡೋಸ್ ಮುಗಿದ ಮೇಲೆ ಆಂಟಿಬಾಡಿ ಪರೀಕ್ಷೆನೂ ಮಾಡಿಸಿ, 10ಕ್ಕಿಂತ ಜಾಸ್ತಿ ಬರಬೇಕು.

ಪ್ರಶ್ನೆ ಕೇಳಿದವನು: ಎಲ್ಲರಿಗೂ ಥ್ಯಾಂಕ್ಸ್. ಈಗ ತಾನೇ ಎರಡು ಕಡೆ ಫೋನ್ ಮಾಡಿದೆ. ಒಂದು ಕಡೆ ಟ್ಯಾಂಕ್ ಅಂದ ಕೂಡಲೇ ಹೋಲ್ಡ್‌ಗೆ ಹಾಕಿದರು, ಮತ್ತೆ ಬರಲೇ ಇಲ್ಲ. ಇನ್ನೊಂದು ಕಡೆ ‘ಇದೆ, ವೈರಲ್ ಲೋಡ್ ಮತ್ತು ವೀರ್ಯ ಪರೀಕ್ಷೆಯ ರಿಪೋರ್ಟ್ ತಗೊಂಡು ಬನ್ನಿ’ ಅಂದರು. ಎರಡನೆಯದನ್ನು ನಾನು ಮಾಡಿಸೇ ಇಲ್ಲ. ನಾಳೆ ಬೆಳಿಗ್ಗೆ ಹೋಗ್ತೀನಿ.