ಭಾವನವರ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ

ಭಾವ, ನಿಮ್ಮ ಸಂದೇಶ ನೋಡಿದೆ. ‘ವಿಮರ್ಶಕರೆಲ್ಲ ಸೇರಿ ಜಾಡಿಸಿರುವ ಆ ಪ್ರೇಮಹಾಸ್ಯದ ಸಿನಿಮಾವನ್ನು ಕೊನೆಯವರೆಗೂ ಕೂತು ನೋಡಿದೆಯಲ್ಲ, ನಿನಗೆ ಬೇರೆ ಕೆಲಸವಿಲ್ಲವೇ’ ಎಂದು ಕೇಳಿದ್ದೀರಿ. ಕೆಲಸ ಇದೆ, ಆದರೂ ನೋಡಿದೆ. ಇದನ್ನೆಲ್ಲ ಟೈಪ್ ಮಾಡುತ್ತ ಕೂರಲಾರೆ, ಮಾತಿನಲ್ಲೇ ಹೇಳುತ್ತೇನೆ. ಉದ್ದವಾಯಿತು ಅನ್ನಿಸಿದರೆ ವೇಗ ಹೆಚ್ಚಿಸಿಕೊಳ್ಳಿ, ಆದರೆ ಪೂರ್ತಿ ಕೇಳಿ.

ವಿಮರ್ಶಕರ ಮೇಲೆ ನನಗೇನೂ ಮುನಿಸಿಲ್ಲ. ಕಥೆ ಹಳಸಲೇ. ಮೊದಲ ಭೇಟಿಯಲ್ಲಿ ಜಗಳ, ನಡುವೆ ಒಂದು ಸುಳ್ಳು, ಕೊನೆಗೆ ವಿಮಾನ ನಿಲ್ದಾಣದಲ್ಲಿ ಓಟ. ಒಂದು ಫೋನ್ ಕರೆಯಲ್ಲಿ ಮುಗಿಯಬಹುದಾಗಿದ್ದ ಅಪಾರ್ಥವನ್ನು ಮುಕ್ಕಾಲು ಗಂಟೆ ಎಳೆದಿದ್ದಾರೆ. ಆದರೆ ನೀವು ಕಳುಹಿಸಿದ, ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನ ಅಂಕಿಯ ಬಗ್ಗೆ ಒಂದು ಮಾತು. ಅಲ್ಲಿ ಶೇ. 30 ಎಂದರೆ ಸಿನಿಮಾಕ್ಕೆ ನೂರಕ್ಕೆ ಮೂವತ್ತು ಅಂಕ ಬಂತು ಎಂದಲ್ಲ, ಹತ್ತು ವಿಮರ್ಶಕರಲ್ಲಿ ಮೂವರು ಒಟ್ಟಾರೆ ಮೆಚ್ಚಿದರು ಎಂದಷ್ಟೇ. ಪೋಷಕ ನಟರು ಹೇಗಿದ್ದಾರೆ ಎಂಬುದು ಆ ಅಂಕಿಯಿಂದ ಗೊತ್ತಾಗುವುದಿಲ್ಲ. ವಿಮರ್ಶೆಗಳಲ್ಲೂ ಅವರ ಪಾಲಿಗೆ ಸಿಗುವುದು ಹೆಚ್ಚಾಗಿ ಕೊನೆಯಲ್ಲಿ ಅರ್ಧ ವಾಕ್ಯ.

ನಾನು ನೋಡಿದ್ದು ಅವರನ್ನೇ. ನಾಯಕಿಯ ಕಚೇರಿಯಲ್ಲಿ ಒಬ್ಬರು ಹಿರಿಯ ಮಹಿಳಾ ಸಹೋದ್ಯೋಗಿ ಇದ್ದಾರೆ. ನಾಯಕ ಅವರ ಮೇಜಿನ ಮುಂದೆ ನಿಂತು ತನ್ನ ಪ್ರೇಮದ ಬಗ್ಗೆ ಉದ್ದುದ್ದ ಭಾಷಣ ಶುರು ಮಾಡುತ್ತಾನೆ. ಆಕೆ ಕಾಗದಗಳಿಗೆ ಪಿನ್ ಹೊಡೆಯುತ್ತಿರುತ್ತಾರೆ. ಭಾಷಣ ಶುರುವಾದ ಕೂಡಲೇ ಸ್ಟೇಪ್ಲರ್ ಹಿಡಿದ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಅವನು ‘ಮೊದಲ ನೋಟದಲ್ಲೇ’ ಎನ್ನುತ್ತಾನೆ, ಟಕ್ ಎಂದು ಒಂದು ಪಿನ್. ‘ಜೀವನಪೂರ್ತಿ’ ಎನ್ನುತ್ತಾನೆ, ಇನ್ನೊಂದು ಟಕ್. ಆಮೇಲೆ ಕಾಗದ ನೋಡಿಕೊಳ್ಳುತ್ತಾರೆ, ಬೇರೆ ಯಾವುದೋ ಕಡತದ ಹಾಳೆ ಸೇರಿಹೋಗಿದೆ. ಅವನ ಮುಖದಿಂದ ಕಣ್ಣು ಕದಲಿಸದೆ ಉಗುರಿನಿಂದ ಆ ಪಿನ್ ಕೀಳುತ್ತ, ‘ಮುಗಿಯಿತೇ?’ ಎಂದು ಕೇಳುತ್ತಾರೆ. ಇಡೀ ದೃಶ್ಯದಲ್ಲಿ ಆಕೆಯದು ಅದೊಂದೇ ಮಾತು. ನಾಯಕ ಅಷ್ಟು ಹೊತ್ತು ಏನು ಹೇಳಿದ ಎಂದು ಕೇಳಿದರೆ ನನಗೆ ಒಂದು ವಾಕ್ಯವೂ ನೆನಪಿಲ್ಲ.

ಇಂಥ ಸಿನಿಮಾಗಳಲ್ಲಿ ನಾಯಕ ನಾಯಕಿಯರ ಕೈಕಾಲು ಕಟ್ಟಿರುತ್ತದೆ, ಭಾವ. ಎಲ್ಲರಿಗೂ ಇಷ್ಟವಾಗಬೇಕು, ಚೆಂದ ಕಾಣಬೇಕು, ಕೊನೆಯ ಹತ್ತು ನಿಮಿಷದವರೆಗೆ ಕಣ್ಣೆದುರಿನ ನಿಜವೂ ಅವರಿಗೆ ಗೊತ್ತಾಗಕೂಡದು. ಗೆಳತಿ, ಅಕ್ಕ, ಪಕ್ಕದ ಮೇಜಿನವರು ಈ ಯಾವ ಹಂಗೂ ಇಲ್ಲದವರು. ‘ಅವಳಿಗೆ ನಿಜ ಹೇಳಿಬಿಡು ಮಾರಾಯ’ ಎಂದು ನಾವು ಇಲ್ಲಿ ಕೂತು ಗೊಣಗುವುದನ್ನು ಅವರು ಅಲ್ಲೇ ನಿಂತು ಹೇಳಬಲ್ಲರು. ಬರವಣಿಗೆ ಕೆಟ್ಟಷ್ಟೂ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಇವರನ್ನು ಅರ್ಧ ಮನಸ್ಸಿನಿಂದ ಗೌರವಿಸುವುದು ಹಳೆಯ ಚಾಳಿ. ಪೋಷಕ ನಟನೆಗೆ ಆಸ್ಕರ್ ಶುರುವಾದದ್ದು 1936ರ ಸಿನಿಮಾಗಳಿಂದ, ಆದರೆ ಮೊದಲ ಕೆಲವು ವರ್ಷ ಅವರ ಕೈಗಿತ್ತದ್ದು ಬರೀ ಫಲಕ. ನಾಯಕರಿಗೆ ಕೊಡುವಂಥ ಪೂರ್ಣ ಪ್ರತಿಮೆ ಸಿಕ್ಕಿದ್ದು 1943ರ ಸಿನಿಮಾಗಳಿಂದ ಈಚೆಗೆ. ಹಾಲಿವುಡ್‌ನ ಪೋಷಕ ನಟಿ ಥೆಲ್ಮಾ ರಿಟರ್ ಆರು ಸಲ ನಾಮನಿರ್ದೇಶನಗೊಂಡರು, ಒಮ್ಮೆಯೂ ಗೆಲ್ಲಲಿಲ್ಲ. ಆ ಆರರಲ್ಲಿ ಒಂದು 1959ರ ‘ಪಿಲ್ಲೋ ಟಾಕ್’. ಅದು ಕೆಟ್ಟ ಸಿನಿಮಾವಲ್ಲ, ಆ ಮಾತು ಬೇರೆ. ಅದರಲ್ಲಿ ಹಿಂದಿನ ರಾತ್ರಿ ಕುಡಿದದ್ದು ಇಳಿಯದೆ ದಿನಾ ಬೆಳಗ್ಗೆ ತಲೆ ಹಿಡಿದುಕೊಂಡೇ ಕೆಲಸಕ್ಕೆ ಬರುವ ಮನೆಗೆಲಸದಾಕೆ ರಿಟರ್. ನಾಯಕ ರಾಕ್ ಹಡ್ಸನ್ ಜೊತೆ ಕುಡಿಯಲು ಕೂತರೆ ಮೊದಲು ಸೋಲುವವನು ಅವನೇ. ಅದರ ಇನ್ನೊಬ್ಬ ಪೋಷಕ ನಟ ಟೋನಿ ರಾಂಡಲ್ ಅವರನ್ನು ನೋಡಿ: ನಾಯಕಿ ಡೋರಿಸ್ ಡೇ ಮತ್ತು ಹಡ್ಸನ್ ಒಟ್ಟಿಗೆ ಮಾಡಿದ ಮೂರು ಸಿನಿಮಾಗಳಲ್ಲೂ ಅವರಿದ್ದಾರೆ. ಜೋಡಿ ಎನ್ನುತ್ತಾರೆ, ನನ್ನ ಲೆಕ್ಕದಲ್ಲಿ ಮೂವರು.

ಅಕ್ಕ, ಬೇರೆ ಕೆಲಸ ಮಾಡುತ್ತ ನೋಡಬಹುದೇ ಎಂದು ನೀನು ಕೇಳಿದ್ದೆ. ಬೇಡ. ಆ ಸ್ಟೇಪ್ಲರ್ ತಪ್ಪಿಹೋಗುತ್ತದೆ. ವಿಮಾನ ನಿಲ್ದಾಣ ಬಂದಾಗ ಎದ್ದು ಹೋದರೂ ನಷ್ಟವಿಲ್ಲ. ನಾಯಕಿಯ ಅಪ್ಪ ಬಂದಾಗ ಮಾತ್ರ ಭಾವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೋ. ಮಗಳು ಅಳುತ್ತ ಬಂದರೆ ಏನು ಹೇಳಬೇಕೆಂದು ತೋಚದೆ ಆತ ಟಿವಿ ರಿಮೋಟಿನ ಬ್ಯಾಟರಿ ಬದಲಾಯಿಸುತ್ತ ಕೂರುತ್ತಾರೆ. ಯಾರ ಹಾಗಿದ್ದಾರೆ ಎಂದು ನಾನಂತೂ ಹೇಳುವುದಿಲ್ಲ.