ಅಪ್‌ಡೇಟ್: ದೇವಿಮನೆ ಘಟ್ಟ, ರಾತ್ರಿ ಡ್ರೈವಿಂಗ್, ಕಣ್ಣುರಿ

ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ರಾತ್ರಿ ಎದುರಿನ ಲೈಟು ಹರಡಿದಂತೆ ಕಾಣುತ್ತದೆ, ಕಣ್ಣು ಉರಿಯುತ್ತದೆ ಎಂದು ಕೇಳಿದ್ದೆನಲ್ಲ, ತಪಾಸಣೆ ಆಯಿತು. ಕಣ್ಣೀರು ಎಷ್ಟಿದೆ ಎಂದು ಅಳೆಯಲು ಕೆಳರೆಪ್ಪೆಗೆ ಸಿಕ್ಕಿಸಿದ ಕಾಗದದ ಪಟ್ಟಿ 5 ನಿಮಿಷದಲ್ಲಿ 10 ಮಿ.ಮೀ.ಗಿಂತ ಹೆಚ್ಚೇ ಒದ್ದೆಯಾಯಿತು, ಕಣ್ಣೀರಿಗೆ ಕೊರತೆಯಿಲ್ಲ. ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳು ಕಟ್ಟಿಕೊಂಡು, ಮೇಲಿನ ಎಣ್ಣೆಪದರ ಸಾಲದೆ ಕಣ್ಣೀರು ಬೇಗ ಆರುತ್ತಿದೆ. ತಿರುವು ದಿಟ್ಟಿಸುವಾಗ ರೆಪ್ಪೆ ಬಡಿಯುವುದೂ ಕಡಿಮೆ, ಜೊತೆಗೆ ಮುಖಕ್ಕೆ ಎಸಿ ಗಾಳಿ. ಕರಾವಳಿಯ ಸೆಕೆಯಲ್ಲೂ ಕಣ್ಣು ಒಣಗುವುದು ಹೀಗೆ.

ದಿನಕ್ಕೆರಡು ಸಲ 10 ನಿಮಿಷ ಮುಚ್ಚಿದ ರೆಪ್ಪೆಗೆ ಬಿಸಿಬಟ್ಟೆಯ ಶಾಖ. ಬಟ್ಟೆ ಬೇಗ ತಣಿಯುತ್ತದೆ, ಮತ್ತೆ ಮತ್ತೆ ಅದ್ದಲೇಬೇಕು. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಮೆಲ್ಲಗೆ ತೀಡುವುದು. ಕಣ್ಣಿಗೆ ತೇವ ಕೊಡುವ ಡ್ರಾಪ್ಸ್ ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದರೆ ಪ್ರಿಸರ್ವೇಟಿವ್ ಇಲ್ಲದ್ದೇ ಆಗಬೇಕು. ಕಣ್ಣಿಗೆ ಹಾಕುವ ಮಂದವಾದ ಜೆಲ್ ಮಲಗುವಾಗ ಮಾತ್ರ. ಹಾಕಿಕೊಂಡು ದಯವಿಟ್ಟು ಸ್ಟೇರಿಂಗ್ ಹಿಡಿಯಬೇಡಿ, ನೋಟ ಮಂಜಾಗುತ್ತದೆ.

ರೆಪ್ಪೆ ಬಡಿದರೂ ಲೈಟು ಹರಡುವುದು ಕಡಿಮೆಯಾಗದಿದ್ದರೆ ಕಣ್ಣಿನ ಪೊರೆ, ಕನ್ನಡಕದ ನಂಬರ್ ಎರಡನ್ನೂ ತೋರಿಸಿಕೊಳ್ಳಿ.